ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ: ಗಡಿನಾಡಿನ ಧರ್ಮಕೇಂದ್ರದಲ್ಲಿ ನೊವಿಸ್ ಒಬ್ಬರ ಮೊದಲ ದಿನಗಳು

ಪ್ರಶ್ನೆ: ಪೂಜ್ಯ ಸಿಸ್ಟರ್ ಅವರಿಗೆ ವಂದನೆಗಳು. ನಾನು ಹಾಸನ ಜಿಲ್ಲೆಯವಳು. ಕನ್ಯಾಸ್ತ್ರೀಯರ ಸಭೆಯೊಂದರಲ್ಲಿ ಎರಡನೆಯ ವರ್ಷದ ನೊವಿಸ್, ಅಂದರೆ ವ್ರತ ತೆಗೆದುಕೊಳ್ಳುವ ಮುಂಚಿನ ತರಬೇತಿಯಲ್ಲಿರುವವಳು. ಮಿಷನ್ ಅನುಭವಕ್ಕೆಂದು ಆಗಸ್ಟ್ ತಿಂಗಳಲ್ಲಿ ನನ್ನನ್ನು ಕಾಸರಗೋಡು ಜಿಲ್ಲೆಯ ಒಳನಾಡಿನ ಧರ್ಮಕೇಂದ್ರವೊಂದಕ್ಕೆ ಕಳುಹಿಸಿದ್ದಾರೆ. ಇಲ್ಲಿನ ಕಾನ್ವೆಂಟಿನಲ್ಲಿ ಇಬ್ಬರು ಹಿರಿಯ ಸಿಸ್ಟರ್‌ಗಳಿದ್ದಾರೆ. ಒಬ್ಬರು ಶಾಲೆಗೂ ಇನ್ನೊಬ್ಬರು ರೋಗಿಗಳನ್ನು ನೋಡಲೂ ಹೊರಟರೆ ನನಗೆ ಇಂಥದ್ದೇ ಎಂಬ ಕೆಲಸವಿರುವುದಿಲ್ಲ. "ಮನೆಗಳಿಗೆ ಹೋಗಿ ಬಾ" ಎನ್ನುತ್ತಾರೆ. ಹೋದರೆ ಒಂದು ಮನೆಯಲ್ಲಿ ಕೊಂಕಣಿ, ಮುಂದಿನ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ. ನನ್ನ ಕನ್ನಡಕ್ಕೆ ಎಲ್ಲರೂ ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ಆದರೆ ಮಾತು ಎರಡು ವಾಕ್ಯಕ್ಕೆ ನಿಂತುಬಿಡುತ್ತದೆ. ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ನಾನು ಕೊಂಕಣಿ ಓದಿದರೆ ಮಕ್ಕಳು ನಗುತ್ತಾರೆ. ಕಳೆದ ವಾರ, ಹಾಸಿಗೆ ಹಿಡಿದಿರುವ ಯುವಕನೊಬ್ಬನ ಮನೆಗೆ ಹೋಗಿದ್ದಾಗ ಅವನ ತಾಯಿಯ ಮುಂದೆ ಒಂದು ಮಾತೂ ಹೊರಡದೆ ಅತ್ತುಬಿಟ್ಟೆ. ಆ ತಾಯಿಯೇ ನನಗೆ ನೀರು ತಂದುಕೊಟ್ಟರು. ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಯಾರಿಗೂ ಉಪಯೋಗವಿಲ್ಲದವಳಾಗಿ ಇಲ್ಲಿ ಕುಳಿತಿದ್ದೇನೆಯೇ, ನನಗೆ ದೈವಕರೆ ಇಲ್ಲವೆಂಬುದಕ್ಕೆ ಇದೇ ಗುರುತೇ ಎಂದು ರಾತ್ರಿ ಯೋಚಿಸುತ್ತೇನೆ. ನಮ್ಮ ತರಬೇತಿಯ ಹೊಣೆ ಹೊತ್ತ ನೊವಿಸ್ ಮಿಸ್ಟ್ರೆಸ್‌ಗೆ ಪತ್ರ ಬರೆಯಬೇಕಾಗಿದೆ. ಇದನ್ನೆಲ್ಲ ಬರೆಯಬೇಕೇ, ಬೇಡವೇ?
(ಒಬ್ಬ ನೊವಿಸ್, ಬದಿಯಡ್ಕದ ಹತ್ತಿರ)

ಉತ್ತರ: ಪ್ರಿಯ ಸಹೋದರಿ, ನಿಮ್ಮ ಕೊನೆಯ ಪ್ರಶ್ನೆ ಉಳಿದವಕ್ಕಿಂತ ಅವಸರದ್ದಾದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಎಲ್ಲವನ್ನೂ ಬರೆಯಿರಿ. ಮಕ್ಕಳು ನಕ್ಕದ್ದನ್ನು, ನೀವು ಅತ್ತದ್ದನ್ನು, ರಾತ್ರಿಯ ಯೋಚನೆಯನ್ನು, ನನಗೆ ಬರೆದ ಹಾಗೆಯೇ ಅವರಿಗೂ ಬರೆಯಿರಿ. ನೊವಿಶಿಯೇಟ್ ಎಂಬುದು ನೀವು ಸಭೆಯನ್ನೂ ಸಭೆ ನಿಮ್ಮನ್ನೂ ಅರಿತುಕೊಳ್ಳಲೆಂದು ಇಟ್ಟಿರುವ ಕಾಲ. "ಇಲ್ಲಿ ಎಲ್ಲವೂ ಚೆನ್ನಾಗಿದೆ, ಪ್ರಾರ್ಥಿಸಿ" ಎಂಬ ಪತ್ರದಿಂದ ಮಿಸ್ಟ್ರೆಸ್‌ಗೆ ನಿಮ್ಮ ಕೈಬರಹದ ಹೊರತು ಬೇರೇನೂ ತಿಳಿಯುವುದಿಲ್ಲ. ನಿಮ್ಮ ಜೊತೆ ವಿವೇಚಿಸುವ ಹೊಣೆ ಅವರದು. ವಿವೇಚಿಸಲು ಬೇಕಾದದ್ದನ್ನು ಒದಗಿಸುವ ಹೊಣೆ ನಿಮ್ಮದು.

ಇನ್ನು, ಯಾರಿಗೂ ಉಪಯೋಗವಿಲ್ಲ ಎಂಬ ಮಾತು. ನಿಮ್ಮ ಸಂಕಟದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಆ ಊರಿಗೆ ಉಪಕಾರವಾಗಲೆಂದು ತಮ್ಮನ್ನು ಕಳುಹಿಸಿದ್ದಾರೆ ಎಂದು ನೀವು ತಿಳಿದಿದ್ದೀರಿ. ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. 1983ರ ಕಾನೂನು ಸಂಹಿತೆಯ 648ನೆಯ ವಿಧಿಯ ಪ್ರಕಾರ ನೊವಿಶಿಯೇಟ್ ಸಿಂಧುವಾಗಬೇಕಾದರೆ ನೊವಿಶಿಯೇಟ್ ಸಮುದಾಯದಲ್ಲಿಯೇ 12 ತಿಂಗಳನ್ನು ಕಳೆಯಬೇಕು. ಅದಲ್ಲದೆ, ನೊವಿಸ್‌ಗಳ ತರಬೇತಿ ಪೂರ್ಣವಾಗಲೆಂದು, ಆ ಸಮುದಾಯದ ಹೊರಗೆ ಸೇವಾಕಾರ್ಯದಲ್ಲಿ ಕಳೆಯುವ ಒಂದೋ ಹಲವೋ ಅವಧಿಗಳನ್ನು ಸಭೆಯ ನಿಯಮಾವಳಿ ಗೊತ್ತುಮಾಡಬಹುದು. ಹಳೆಯ ಕಟ್ಟುನಿಟ್ಟಿನಲ್ಲಿ ನೊವಿಸ್ ಎಂದರೆ ನೊವಿಶಿಯೇಟ್ ಮನೆಯ ಗೋಡೆಯೊಳಗೇ ಇರತಕ್ಕವಳಾಗಿದ್ದಳು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ ರೋಮ್‌ನಿಂದ ಬಂದ ಸೂಚನೆ ಈ ಬಾಗಿಲನ್ನು ತೆರೆಯಿತು. ಆಗಲೂ ಅದರ ಉದ್ದೇಶ ನೊವಿಸ್‌ಳ ತರಬೇತಿಯೇ ಆಗಿತ್ತು. ಆದ್ದರಿಂದ ಈಗ ನಿಮಗೆ ಕಲಿಸುತ್ತಿರುವುದು ಆ ಧರ್ಮಕೇಂದ್ರ, ಕಲಿಯುತ್ತಿರುವವರು ನೀವು. ಈ ಮೊದಲ ವಾರಗಳಲ್ಲಿ ಊರಿಗೆ ನೀವು ಏನು ಕೊಟ್ಟಿರಿ ಎಂದು ನಿಮ್ಮನ್ನು ಯಾರೂ ಕೇಳಲಾರರು, ನೀವೂ ಕೇಳಿಕೊಳ್ಳಬೇಡಿ. ಊರಿನಿಂದ ಏನನ್ನು ತೆಗೆದುಕೊಂಡಿರಿ ಎಂಬುದನ್ನು ಬರೆದಿಡಿ. ಮಿಸ್ಟ್ರೆಸ್‌ಗೆ ಬರೆಯುವ ಪತ್ರದಲ್ಲಿ ಅದೂ ಇರಲಿ.

ತೆಗೆದುಕೊಳ್ಳುವುದು ಸುಲಭದ ಕೆಲಸವೆಂದು ನಾನು ಹೇಳುತ್ತಿಲ್ಲ. ಹಲವು ವರ್ಷ ನೊವಿಸ್‌ಗಳ ಜೊತೆ ಇದ್ದು ನೋಡಿದ್ದೇನೆ: ತರಗತಿ ನಡೆಸು, ಗಾಯಕರ ಗುಂಪಿಗೆ ಹಾಡು ಕಲಿಸು, ಪೀಠವನ್ನು ಅಲಂಕರಿಸು ಎಂದರೆ ಓಡಿ ಹೋಗುವ ಹುಡುಗಿಯರಿಗೆ, ಒಂದು ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಬಾ ಎಂದರೆ ಕಷ್ಟವಾಗುತ್ತದೆ. ನಿಮ್ಮ ಸುತ್ತಿನಲ್ಲಿ ಬೀಡಿ ಕಟ್ಟುವ ಹೆಂಗಸರು ಖಂಡಿತ ಇರುತ್ತಾರೆ. ಅಂಥ ಒಂದು ಮನೆಯಿಂದ ಆರಂಭಿಸಿ. ಅವರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಇಟ್ಟು ಸುರುಳಿ ಸುತ್ತಿ, ತುದಿ ಮಡಿಚಿ ನೂಲು ಕಟ್ಟುವುದನ್ನು ನೋಡಿ. ಲೆಕ್ಕ ತುಂಬಿಸಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ್ದರಿಂದ ಅವರ ಕೈ ನಿಲ್ಲುವಂತಿಲ್ಲ. ನೀವು ಬಂದಿರೆಂದು ಅವರು ಎದ್ದು ಚಹಾ ಕಾಯಿಸಲು ಹೊರಟರೆ ಅಂದಿನ ಕೂಲಿಯಲ್ಲಿ ಅಷ್ಟು ಕಡಿಮೆಯಾಯಿತೆಂದೇ ತಿಳಿಯಿರಿ. ಕುರ್ಚಿಗಾಗಿ ಕಾಯದೆ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕೈಗೊಂದು ಕತ್ತರಿ ಕೇಳಿ. ಕೈ ಕೆಲಸದಲ್ಲಿದ್ದಾಗ ಬಾಯಿಯ ಬಿಗುವು ತಾನಾಗಿ ಸಡಿಲುತ್ತದೆ, ನಿಮ್ಮದೂ ಅವರದೂ. ಎರಡು ವಾಕ್ಯಕ್ಕೆ ನಿಲ್ಲುವ ಮಾತು ಅಲ್ಲಿ ಮಗಳ ಮದುವೆಯವರೆಗೆ, ಸೊಸೈಟಿಯ ಸಾಲದವರೆಗೆ ಹೋಗುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ಒಂದೇ ಊರಿನಲ್ಲಿ ಇಷ್ಟು ಭಾಷೆ ಏಕೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು. ಅಂದು ಅದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ರಾಜ್ಯದ ಗಡಿ ಬದಲಾದರೂ ಇಲ್ಲಿನ ಕೊಂಕಣಿ ಕಥೋಲಿಕರ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ನಿಮ್ಮ ಹತ್ತಿರದ ಬೇಳದ ಶೋಕಮಾತೆಯ ದೇವಾಲಯ 1890ರಲ್ಲಿ ಸ್ಥಾಪನೆಯಾದದ್ದು. ಅವಕಾಶವಾದರೆ ಒಮ್ಮೆ ಅದರ ಎತ್ತರದ ಗೋಥಿಕ್ ಮುಖವನ್ನು ನೋಡಿ ಬನ್ನಿ, ಈ ಕಡೆಯ ವಿಶ್ವಾಸಿಗಳ ಬೇರು ಎಷ್ಟು ಹಳೆಯದೆಂದು ತಿಳಿಯುತ್ತದೆ. ಹೀಗಾಗಿ ನಿಮ್ಮ ಧರ್ಮಕೇಂದ್ರದ ಕುಟುಂಬಗಳು ಕೊಂಕಣಿಯಲ್ಲಿ ಪ್ರಾರ್ಥಿಸುತ್ತವೆ, ಹಿರಿಯರು ಕನ್ನಡದಲ್ಲಿ ಓದಿದವರು, ತೋಟದ ಕೆಲಸದ ಮಾತು ತುಳುವಿನದು, ಪಂಚಾಯತಿನ ಕಾಗದ ಮಲಯಾಳದ್ದು. ಇಲ್ಲಿನ ಮಗುವೊಂದು ಸಂಜೆಯೊಳಗೆ ನಾಲ್ಕು ಭಾಷೆ ಬದಲಿಸುತ್ತದೆ, ಅದಕ್ಕೆ ಅದು ವಿಶೇಷವೆಂದು ಅನ್ನಿಸುವುದೂ ಇಲ್ಲ.

ನಾಲ್ಕನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಮೊದಲು ಕೊಂಕಣಿಯ ಪ್ರಾರ್ಥನೆಗಳು, ಏಕೆಂದರೆ ಸಂಜೆ ಮನೆಗಳಲ್ಲಿ ತೆರ್ಸ್ (ಜಪಮಾಲೆ) ಹೇಳುವಾಗ ನೀವು ಒಂದು ದಶಕವನ್ನಾದರೂ (ಹತ್ತು ಮಣಿಗಳ ಒಂದು ಭಾಗ) ನಡೆಸಬೇಕೆಂದು ಅವರು ಬಯಸುತ್ತಾರೆ. ಮಂಗಳೂರಿನ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಕನ್ನಡ ಲಿಪಿಯಲ್ಲೇ ಅಚ್ಚಾಗುವುದರಿಂದ ನಿಮಗೆ ಓದಲು ಬರುತ್ತದೆ, ಉಚ್ಚಾರವೊಂದೇ ಬಾಕಿ. ಅದನ್ನು ನಕ್ಕ ಮಕ್ಕಳಿಂದಲೇ ಕಲಿಯಿರಿ. ತರಗತಿಯ ದೊಡ್ಡ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನಾನು ಓದುತ್ತೇನೆ, ತಪ್ಪಿದಲ್ಲಿ ನೀನು ತಿದ್ದು" ಎಂದು ಎಲ್ಲರ ಮುಂದೆ ಹೇಳಿ. ತಿದ್ದುವ ಕೆಲಸ ಸಿಕ್ಕಿದ ಮಕ್ಕಳು ನಗುವುದನ್ನು ಬಹುಬೇಗ ಬಿಡುತ್ತಾರೆ. ತುಳುವನ್ನು ಕಿವಿಯಿಂದ ಕಲಿಯಿರಿ, ಅವಸರವಿಲ್ಲ. ಮಲಯಾಳದ ಅಕ್ಷರಗಳನ್ನು ಮಾತ್ರ ದಿನಕ್ಕಿಷ್ಟೆಂದು ಬರೆದು ಕಲಿಯಬೇಕು. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ರೇಶನ್ ಕಾರ್ಡಿನ ಹೆಸರು ಓದಲು ಬಂದರೆ ನಡೆದಾಡುವ ಧೈರ್ಯ ಬರುತ್ತದೆ.

ತೆರ್ಸ್ ಮುಗಿದ ಮೇಲಿನ ಒಂದು ಸಂಗತಿಯನ್ನು ಹೇಳಲೇಬೇಕು. ಆ ಮನೆಗಳಲ್ಲಿ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್ ಬೇಡುತ್ತಾರೆ. ಬಿಳಿಯ ಉಡುಪಿನಲ್ಲಿರುವ ನಿಮ್ಮಿಂದ ಆಶೀರ್ವಾದ ಬೇಕೆಂದು ಮನೆಯ ಅಜ್ಜಿ ಕಾಯುತ್ತಿರಬಹುದು. ನೀವು ಅವರಿಗಿಂತ ಮೊದಲೇ ಅವರ ಮುಂದೆ ಬಗ್ಗಿ ಬೆಸಾಂವ್ ಕೇಳಿ. ಇದು ತೋರಿಕೆಯ ವಿನಯವಲ್ಲ. ನೀವು ಹುಟ್ಟುವ ಎಷ್ಟೋ ವರ್ಷ ಮೊದಲಿನಿಂದ, ಮಳೆಯಲ್ಲಿ ಅಡಕೆ ಮರದ ಸಂಕ ದಾಟಿ ಬಲಿಪೂಜೆಗೆ ಬಂದವರು ಅವರು. ವಿಶ್ವಾಸದಲ್ಲಿ ಅವರು ನಿಮಗೆ ಹಿರಿಯರು, ಇದು ಇದ್ದ ಹಾಗೆ ಇರುವ ಸತ್ಯ.

ನಿಮ್ಮ ಪತ್ರ ನನ್ನ ಕೈಗೆ ಬರುವಾಗ ಮೊಂತಿ ಹಬ್ಬದ, ಅಂದರೆ ಮರಿಯಮ್ಮನವರ ಜನ್ಮದಿನದ ಹಬ್ಬದ, ನೊವೆನಾ ಹತ್ತಿರವಾಗಿದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ, ಸೆಪ್ಟೆಂಬರ್ 8ರಂದು ಹೊಸ ತೆನೆಯ ಆಶೀರ್ವಾದವಾಗುತ್ತದೆ. ಹೂ ಕೊಯ್ಯಲು ಮಕ್ಕಳ ಜೊತೆ ಗುಡ್ಡಕ್ಕೂ ತೋಟದ ಬದುವಿಗೂ ಹೋಗಿ. ಯಾರ ಮನೆ ಎಲ್ಲಿ, ಯಾವ ಕಡೆಯಿಂದ ಹೋದರೆ ತೋಡು ದಾಟುವುದು ಬೇಡ ಎಂಬುದನ್ನು ಮಕ್ಕಳಷ್ಟು ಚೆನ್ನಾಗಿ ಯಾರೂ ತೋರಿಸಲಾರರು. ವಾಡೊದ (ಧರ್ಮಕೇಂದ್ರದ ಒಂದು ಭಾಗದ) ಗುರ್ಕಾರರನ್ನು, ಅಂದರೆ ಮುಖಂಡರನ್ನು, ಕೇಳಿದರೆ ಕಾಯಿಲೆಯವರ, ಒಂಟಿಯಾಗಿರುವ ವೃದ್ಧರ ಮನೆಗಳನ್ನು ತಿಳಿಸುತ್ತಾರೆ. ಹಬ್ಬದ ದಿನ, ಸೇರಿ ಉಣ್ಣಲು ಯಾರೂ ಇಲ್ಲದವರ ಮನೆಗೆ ಆಶೀರ್ವದಿಸಿದ ತೆನೆಯನ್ನು ತಲುಪಿಸುವ ಕೆಲಸವನ್ನು ನಿಮಗೆ ವಹಿಸುವಂತೆ ಕೇಳಿಕೊಳ್ಳಿ.

ಈಗ ಆ ಯುವಕನ ಮನೆ. ಅವನ ಕಾಯಿಲೆಯ ಕಾರಣವನ್ನು ನೀವು ಬರೆದಿಲ್ಲ. ಆದರೆ ನೀವಿರುವ ಸೀಮೆಯ ಒಂದು ನೋವನ್ನು ಪ್ರತಿಯೊಬ್ಬ ನೊವಿಸ್ ತಿಳಿದಿರಬೇಕು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ, ಮುಳಿಯಾರು ಮೊದಲಾದ ಕಡೆ ಅದರಿಂದ ಬಾಧಿತರಾದವರೆಂದು ಸರ್ಕಾರದ ಪಟ್ಟಿಯಲ್ಲಿರುವ, ತಾಯಂದಿರೇ ಎತ್ತಿ ಮಲಗಿಸಬೇಕಾದ ಮಕ್ಕಳು ಈಗ ಯುವಕರಾಗಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು, 2017ರಲ್ಲಿ ಬಾಧಿತರಿಗೆ 5 ಲಕ್ಷ ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಈ ಮನೆಗಳಿಗೆ ಸಮೀಕ್ಷೆಯವರು, ಪತ್ರಿಕೆಯವರು, ವೈದ್ಯಕೀಯ ಶಿಬಿರದವರು ಹಲವು ಬಾರಿ ಬಂದು ಹೋಗಿದ್ದಾರೆ. ಆ ತಾಯಂದಿರು ಅದೇ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ಹೇಳಿ ದಣಿದಿದ್ದಾರೆ.

ಆದ್ದರಿಂದ, ಕಾರಣ ಇದೇ ಆಗಿರಲಿ ಬೇರೆಯೇ ಆಗಿರಲಿ, ಕಥೆ ಕೇಳಬೇಡಿ. ರಾತ್ರಿ ನಿದ್ದೆಯಾಯಿತೇ, ತಾವು ಉಂಡಿರೇ ಎಂದು ತಾಯಿಯನ್ನು ಕೇಳಿ. ಏನನ್ನೂ ಮಾಡಿಸಿಕೊಡುತ್ತೇನೆಂದು ಮಾತು ಕೊಡಬೇಡಿ. ಮುಂದಿನ ವಾರ ಇಂಥ ದಿನ ಇಂಥ ಹೊತ್ತಿಗೆ ಬರುತ್ತೇನೆ ಎಂಬ ಒಂದೇ ಮಾತು ಕೊಡಿ, ಅದನ್ನು ಮಳೆ ಬಂದರೂ ಉಳಿಸಿಕೊಳ್ಳಿ. ನೀವು ಮಗನ ಪಕ್ಕದಲ್ಲಿ ಕುಳಿತ ಆ ಮುಕ್ಕಾಲು ಗಂಟೆಯಲ್ಲಿ ತಾಯಿ ಸ್ನಾನ ಮಾಡಿ ಬರಬಹುದು, ಅಂಗಡಿಗೆ ಹೋಗಿ ಬರಬಹುದು. ಕೇರಳದಲ್ಲಿ 2008ರ ಉಪಶಾಮಕ ಆರೈಕೆಯ ನೀತಿಯ ನಂತರ ಪಂಚಾಯತಿನ ಮೂಲಕ ಪಾಲಿಯೇಟಿವ್ ನರ್ಸ್ ಮನೆಗೇ ಬರುವ ವ್ಯವಸ್ಥೆಯಿದೆ. ಹಿರಿಯ ಸಿಸ್ಟರ್ ಮೂಲಕ ಆ ನರ್ಸಿನ ಪರಿಚಯ ಮಾಡಿಕೊಂಡು ಒಮ್ಮೆ ಅವರ ಜೊತೆ ಹೋಗಿ, ರೋಗಿಯನ್ನು ಹೊರಳಿಸಿ ಮಲಗಿಸುವುದು ಹೇಗೆ, ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಕಲಿಯಿರಿ. ತಾಯಿ ಮಲಯಾಳದ ಕಾಗದ ತೋರಿಸಿದರೆ ಅದನ್ನು ಓದಬಲ್ಲವರನ್ನು ಮನೆಗೆ ಕರೆತನ್ನಿ. ಮೂಲ ಕಾಗದವನ್ನು ಮಾತ್ರ ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಒಯ್ಯಬೇಡಿ. ಫೋಟೊ ತೆಗೆಯಬೇಡಿ. ನೀವು ಅತ್ತದ್ದರ ಬಗ್ಗೆ ನಾಚಿಕೆ ಬೇಡ. ನಿಮಗೆ ನೀರು ತಂದುಕೊಟ್ಟ ಆ ತಾಯಿ ಅಂದು ಒಂದಷ್ಟು ಹೊತ್ತು ಸಹಾಯ ಪಡೆಯುವವರಾಗಿರದೆ ಸಹಾಯ ಮಾಡುವವರಾಗಿದ್ದರು, ಅವರಿಗೆ ಅಂಥ ಅವಕಾಶ ಅಪರೂಪ.

ಪ್ರಾರ್ಥನೆ ಒಣಗಿದಂತಿರುವುದನ್ನು ದೈವಕರೆ ಇಲ್ಲದಿರುವುದಕ್ಕೆ ಗುರುತೆಂದು ಓದಬೇಡಿ. ಊರು, ಊಟ, ಭಾಷೆ, ಜೊತೆಗಾರರು ಎಲ್ಲ ಒಮ್ಮೆಲೇ ಬದಲಾದಾಗ ದೇಹ ದಣಿದಿರುತ್ತದೆ. ಹೊತ್ತಿಗೆ ಸರಿಯಾಗಿ ಕುಳಿತುಕೊಳ್ಳಿ, ಆ ದಿನ ಹೋದ ಮನೆಗಳವರ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಹೇಳಿ, ಸಾಕು. ಆದರೆ ಒಂದು ಎಚ್ಚರಿಕೆ. ನಿಮ್ಮನ್ನು ಸಂಬಳವಿಲ್ಲದ ಕೆಲಸದವಳಂತೆ ದುಡಿಸಿ ಪ್ರಾರ್ಥನೆಗೂ ವಿಶ್ರಾಂತಿಗೂ ಹೊತ್ತಿಲ್ಲದಂತೆ ಮಾಡಿದರೆ, ಅಥವಾ ಯಾರದೇ ನಡತೆ, ಅವರು ಎಷ್ಟೇ ದೊಡ್ಡವರಾಗಿರಲಿ, ನಿಮಗೆ ಅಳುಕು ಹುಟ್ಟಿಸಿದರೆ, ಅದನ್ನು ಶಿಲುಬೆಯೆಂದು ಸಹಿಸಿಕೊಳ್ಳದೆ ಅಂದೇ ಮಿಸ್ಟ್ರೆಸ್‌ಗೆ ಫೋನ್ ಮಾಡಿ.

ಪ್ರಶ್ನೆ: ನನ್ನ ಮಗಳು ಕಳೆದ ವರ್ಷ ನೊವಿಶಿಯೇಟ್ ಸೇರಿದಳು, ಈಗ ಆಂಧ್ರದ ಹಳ್ಳಿಯೊಂದರ ಮಿಷನ್ನಿನಲ್ಲಿದ್ದಾಳೆ. ಮೊಂತಿ ಹಬ್ಬಕ್ಕೆ ಬರಲಾಗುವುದಿಲ್ಲವೆಂದಳು. ಅವಳೀಗ ಪೂರ್ತಿ ಸಿಸ್ಟರ್ ಆದಳೇ? ಮುಂದೆ ಅವಳಿಗೆ ಬೇಡವೆನಿಸಿದರೆ ವಾಪಸು ಬರಬಹುದೇ? ಫೋನಿನಲ್ಲಿ ದನಿ ಸಣ್ಣದಾಗಿ ಕೇಳಿಸುತ್ತದೆ, ಅವಳ ತಾಯಿಗೆ ನಿದ್ದೆಯಿಲ್ಲ.
(ಒಬ್ಬ ತಂದೆ, ಮಂಜೇಶ್ವರ)

ಉತ್ತರ: ಇಲ್ಲ, ಅವರು ಇನ್ನೂ ವ್ರತ ತೆಗೆದುಕೊಂಡಿಲ್ಲ. ನೊವಿಶಿಯೇಟ್ ಎರಡು ವರ್ಷ ಮೀರಬಾರದು. ಸಂದೇಹ ಉಳಿದರೆ ಮೇಲಧಿಕಾರಿಗಳು ಹೆಚ್ಚೆಂದರೆ ಆರು ತಿಂಗಳು ಮುಂದುವರಿಸಬಹುದು. ಅದಾದ ಮೇಲೆ ಮೊದಲ ವ್ರತ, ಅದೂ ತಾತ್ಕಾಲಿಕ, ಸಾಮಾನ್ಯವಾಗಿ ಮೂರರಿಂದ ಆರು ವರ್ಷದ್ದು. ನೊವಿಸ್ ಆಗಿರುವಾಗ ಯಾವ ದಿನ ಬೇಕಾದರೂ ಸಭೆಯನ್ನು ಬಿಟ್ಟು ಬರುವ ಸ್ವಾತಂತ್ರ್ಯವನ್ನು ಕಾನೂನೇ ಕೊಟ್ಟಿದೆ, ಅದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ. ಹಾಗೆ ಬಂದವರನ್ನು "ಓಡಿ ಬಂದವಳು" ಎಂದು ಆಡಿಕೊಳ್ಳುವ ಹಳೆಯ ಚಾಳಿ ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇದೆ. ಅದು ಕ್ರೂರವಾದದ್ದು, ಅದಕ್ಕೆ ಹೆದರಿ ಹುಡುಗಿಯರು ಮನಸ್ಸಿಲ್ಲದೆ ವ್ರತ ತೆಗೆದುಕೊಳ್ಳುವುದು ಅದಕ್ಕಿಂತ ದೊಡ್ಡ ಹಾನಿ. ಮನೆಯ ಬಾಗಿಲು ತೆರೆದಿದೆ ಎಂದು ಮಗಳಿಗೆ ಒಮ್ಮೆ, ಸ್ಪಷ್ಟವಾಗಿ ಹೇಳಿ. ಪ್ರತಿ ಫೋನಿನಲ್ಲಿ ಹೇಳಿದರೆ ಕರೆದ ಹಾಗಾಗುತ್ತದೆ, ಆಗ ಅವರು ತಮ್ಮ ಮನಸ್ಸನ್ನು ತಾವು ಕೇಳಿಸಿಕೊಳ್ಳಲಾರರು.

ಹಬ್ಬಕ್ಕೆ ಬರಲಾಗದಿರುವುದಕ್ಕೂ ಕಾರಣವಿದೆ. ಸೇವಾಕಾರ್ಯಕ್ಕೆಂದು ಸಭೆಯೇ ಕಳುಹಿಸಿದ ಅವಧಿಯನ್ನು ಬಿಟ್ಟು, ನೊವಿಶಿಯೇಟ್ ಮನೆಯಿಂದ 15 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಅದನ್ನು ತುಂಬಿಕೊಡಬೇಕು, ಮೂರು ತಿಂಗಳು ಮೀರಿದರೆ ನೊವಿಶಿಯೇಟ್ ಅಸಿಂಧುವಾಗುತ್ತದೆ. ಹೀಗಾಗಿ ರಜೆ ಕೊಡುವಾಗ ಸಭೆಗಳು ಬಿಗಿಯಾಗಿರುತ್ತವೆ. ದನಿ ಸಣ್ಣದಾಗಿರುವುದು ಮನೆಯ ನೆನಪೋ, ಬೇರೇನಾದರೂ ಇದೆಯೋ ಎಂದು ತಿಳಿಯಬೇಕಾದರೆ ನೊವಿಸ್ ಮಿಸ್ಟ್ರೆಸ್ ಜೊತೆ ನೇರವಾಗಿ ಮಾತನಾಡಿ. ಹೆತ್ತವರಾಗಿ ನಿಮಗೆ ಆ ಹಕ್ಕಿದೆ.

ಪ್ರಶ್ನೆ: ನಾವು ಪೆರ್ಲದ ಸಮೀಪ ಅಡಕೆ ಕೃಷಿ ಮಾಡುವ ಹವ್ಯಕರು. ಇತ್ತೀಚೆಗೆ ನಮ್ಮ ತೋಟದಲ್ಲಿ ಕೆಲಸ ಮಾಡುವ ಕುಟುಂಬವನ್ನು ನೋಡಲು ಒಬ್ಬ ಎಳೆಯ ಸಿಸ್ಟರ್ ಬರುತ್ತಿದ್ದಾರೆ. ಬಿಸಿಲಲ್ಲಿ ಬಂದವರನ್ನು ಒಳಗೆ ಕರೆದು ಆಸರಿಗೆ (ಕುಡಿಯಲು) ಕೊಡೋಣವೆಂದರೆ, ಅವರು ನಮ್ಮಲ್ಲಿ ಕುಡಿಯುವರೋ ಇಲ್ಲವೋ, ಏನೆಂದು ಕರೆಯಬೇಕೋ ತಿಳಿಯದು. ನಮ್ಮ ಮನೆಯವರು ಸ್ವಲ್ಪ ಹಣ ಕೊಡಬೇಕೆಂದಿದ್ದಾರೆ. ಕೊಡಬಹುದೇ?
(ಒಬ್ಬ ಗೃಹಿಣಿ)

ಉತ್ತರ: ಧಾರಾಳವಾಗಿ ಕರೆಯಿರಿ. ಬೆಲ್ಲ ನೀರು, ಮಜ್ಜಿಗೆ, ಊಟದ ಹೊತ್ತಾದರೆ ಊಟ, ಯಾವುದಕ್ಕೂ ಅವರಿಗೆ ಅಡ್ಡಿಯಿಲ್ಲ. ಸಿಸ್ಟರ್ ಎಂದರೆ ಸಾಕು. ವಯಸ್ಸಿನಲ್ಲಿ ನಿಮ್ಮ ಮಗಳಷ್ಟಿದ್ದರೆ ಮಗಾ ಎಂದು ಕರೆದರೂ ಅವರು ಸಂತೋಷಪಟ್ಟಾರು. ಈ ನಾಡಿಗೆ ಕನ್ಯಾಸ್ತ್ರೀಯರು ಹೊಸಬರಲ್ಲ: ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದರು, ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ 1887ರಲ್ಲಿಯೂ ಬೆಥನಿ ಸಭೆ 1921ರಲ್ಲಿಯೂ ಮಂಗಳೂರಿನಲ್ಲೇ ಹುಟ್ಟಿದವು. ನಿಮ್ಮ ಹಿರಿಯರಲ್ಲಿ ಕೆಲವರು ಇವರ ಶಾಲೆಗಳಲ್ಲಿ ಓದಿದವರೇ ಇರಬಹುದು.

ಹಣವನ್ನು ಅವರ ಕೈಯಲ್ಲಿ ಕೊಡಬೇಡಿ. ವ್ರತ ಇನ್ನೂ ಆಗಿಲ್ಲದಿದ್ದರೂ ನೊವಿಸ್‌ಗಳು ಸ್ವಂತಕ್ಕೆ ಹಣ ಇಟ್ಟುಕೊಳ್ಳದೆ ಬಾಳುವುದನ್ನು ಕಲಿಯುತ್ತಿರುತ್ತಾರೆ, ಬೇಡವೆನ್ನಲು ಅವರಿಗೆ ಸಂಕೋಚವಾಗುತ್ತದೆ. ಕೊಡಲೇಬೇಕೆಂದಿದ್ದರೆ ಕಾನ್ವೆಂಟಿನ ಹಿರಿಯ ಸಿಸ್ಟರ್‌ಗೆ ತಲುಪಿಸಿ. ಅದಕ್ಕಿಂತ ಹೆಚ್ಚಿನ ಸಹಾಯವನ್ನು ನೀವು ಬೇರೆ ರೀತಿ ಮಾಡಬಹುದು. ನಿಮ್ಮ ತೋಟದೊಳಗೆ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಕೊರೆದದ್ದು) ನೀರು ಹರಿಯುವ ಕಡೆ ಕಲ್ಲು ಪಾಚಿಗಟ್ಟಿ ಜಾರುತ್ತಿದ್ದರೆ ಬೇರೆ ದಾರಿ ತೋರಿಸಿ. ಅಡಕೆಗೆ ಮದ್ದು ಬಿಡುವ (ಸಿಂಪಡಿಸುವ) ದಿನವಾದರೆ ಆ ಕಡೆ ಬರಬೇಡವೆಂದು ಮೊದಲೇ ತಿಳಿಸಿ. ಸಂಜೆ ತಡವಾದರೆ ಬಸ್ಸಿನವರೆಗೆ ಯಾರನ್ನಾದರೂ ಜೊತೆ ಮಾಡಿ ಕಳುಹಿಸಿ. ಅವರು ನೋಡಲು ಬರುತ್ತಿರುವ ಕುಟುಂಬದ ಕಷ್ಟ ನಿಮಗೂ ಗೊತ್ತಿರುತ್ತದೆ. ಆ ಮನೆಯವರು ಒಪ್ಪಿದರೆ, ನೀವಿಬ್ಬರೂ ಕುಳಿತು ಅದನ್ನು ಮಾತನಾಡಿ.